ಬಳ್ಳಾರಿ ಜಾಲಿಗೆ ಯಾವ ಟೈರು?

ನಮ್ಮ ಸೀಮೆಯ ಹೆಸರು ಹೊತ್ತುಕೊಂಡು ಕರ್ನಾಟಕವನ್ನೆಲ್ಲ ಸುತ್ತಿದ ಗಿಡವೊಂದಿದ್ದರೆ ಅದು ಬಳ್ಳಾರಿ ಜಾಲಿ. ಅದರ ತವರು ಇಲ್ಲಿಯದಲ್ಲ, ಅಮೆರಿಕ ಖಂಡದ್ದು. 19ನೇ ಶತಮಾನದಲ್ಲಿ ಇಂಡಿಯಾಕ್ಕೆ ಬಂದು, ನಮ್ಮ ಬಿಸಿಲಿಗೆ ಒಗ್ಗಿಕೊಂಡು, ಈಗ ಕಾಲುವೆ ದಂಡೆ, ರೈಲು ಹಳಿಯ ಬದಿ, ಬೀಳುಬಿದ್ದ ಹೊಲ, ಗಣಿ ಮಣ್ಣಿನ ದಿಬ್ಬ ಎಲ್ಲ ಕಡೆ ತಾನೇ ತಾನಾಗಿದೆ. ಹೊಸಪೇಟೆಯಲ್ಲಿ 29 ಇಂಚಿನ ಚಕ್ರದ ಮೌಂಟನ್ ಬೈಕ್ ಕೊಂಡವರು ಹಂಪಿಯ ಬಂಡೆಗಳನ್ನು ನೆನೆಸಿಕೊಂಡು ದೊಡ್ಡ ಹಲ್ಲಿನ ಟೈರು ಹುಡುಕುತ್ತಾರೆ. ನಾನೂ ಹಾಗೇ ಹುಡುಕಿದವನು. ಹಾಕಿಸಿದ ವಾರದಲ್ಲೇ ಕಮಲಾಪುರದ ಆಚೆ, ಹೊಲಕ್ಕೆ ಬೇಲಿ ಹಾಕಲು ಯಾರೋ ಜಾಲಿ ಕೊಂಬೆ ಎಳೆದುಕೊಂಡು ಹೋಗಿದ್ದ ದಾರಿಯಲ್ಲಿ ಹಾದು, ಎರಡು ಚಕ್ರಗಳಿಂದ ಹನ್ನೊಂದು ಮುಳ್ಳು ಕಿತ್ತೆ. ಬಂಡೆಯಿಂದ ನನ್ನ ಟೈರಿಗೆ ಇದುವರೆಗೆ ಏನೂ ಆಗಿಲ್ಲ.

ಈ ಭಾಗದಲ್ಲಿ ಟೈರು ಆರಿಸುವುದೆಂದರೆ ಮೊದಲು ಮುಳ್ಳಿಗೆ, ಆಮೇಲೆ ಮಣ್ಣಿಗೆ, ಕಟ್ಟಕಡೆಗೆ ಬಂಡೆಗೆ.

ಇಪ್ಪತ್ತೆಂಟು ಎಂಬ ಗೊಂದಲ

ಯಾವ ಟೈರು ಎನ್ನುವುದಕ್ಕಿಂತ ಮೊದಲು, ಯಾವ ಅಳತೆ ಎಂಬುದು ಇತ್ಯರ್ಥವಾಗಲಿ. ಒಮ್ಮೆ ನನ್ನ ಹಿಂದಿನ ಟೈರು ಹರಿದು ಊರೊಂದರ ಸೈಕಲ್ ಅಂಗಡಿಗೆ ತಳ್ಳಿಕೊಂಡು ಹೋದಾಗ ಅಂಗಡಿಯಾತ, "ಇಪ್ಪತ್ತೊಂಬತ್ತು ಇಲ್ರಿ ಸಾರ್, ಇಪ್ಪತ್ತೆಂಟು ಐತಿ. ಒಂದು ಇಂಚಿನಾಗ ಏನೈತಿ, ಎಳದು ಕೂರಸ್ತೀನಿ" ಅಂದ. ಅರ್ಧ ತಾಸು ಎಳೆದ. ಕೂರಲಿಲ್ಲ. ಅದು ಕೂರುವ ಟೈರೇ ಅಲ್ಲ.

ಟೈರಿನ ಪಕ್ಕೆಯ ಮೇಲೆ ದೊಡ್ಡದಾಗಿ ಬರೆದ ಇಂಚಿನ ಲೆಕ್ಕ ಹೊರಗಿನ ಅಂದಾಜು ಮಾತ್ರ. ನಂಬಬೇಕಾದದ್ದು ಅದರ ಬದಿಗೆ ಸಣ್ಣ ಅಕ್ಷರದಲ್ಲಿರುವ ಜೋಡಿ ಅಂಕಿ: 57-622 ಎಂಬಂಥದ್ದು. ಮೊದಲನೆಯದು ಗಾಳಿ ತುಂಬಿದಾಗ ಟೈರಿನ ಅಗಲ, ಎರಡನೆಯದು ಟೈರಿನ ಅಂಚು ರಿಮ್ಮಿನಲ್ಲಿ ಕೂರುವ ಜಾಗದ ವ್ಯಾಸ, ಎರಡೂ ಮಿಲಿಮೀಟರಿನಲ್ಲಿ. 29 ಇಂಚಿನ ಮೌಂಟನ್ ಬೈಕಿಗೆ ಎರಡನೆಯ ಅಂಕಿ ಯಾವಾಗಲೂ 622. 27.5 ಇಂಚಿಗೆ 584, 26 ಇಂಚಿನ ಮೌಂಟನ್ ಬೈಕಿಗೆ 559.

ಈಗ ಇಪ್ಪತ್ತೆಂಟಕ್ಕೆ ಬನ್ನಿ. ನಮ್ಮ ಅಪ್ಪಂದಿರು ಹಾಲಿನ ಕ್ಯಾನು ಕಟ್ಟಿಕೊಂಡು ತುಳಿದ ಕಪ್ಪು ಸೈಕಲ್ಲಿನ 28 × 1½ ಟೈರಿನ ಅಂಕಿ 635. ಅಂದರೆ ಹೆಸರಿನಲ್ಲಿ ಒಂದು ಇಂಚು ಚಿಕ್ಕದಾದ ಆ ಸೈಕಲ್ಲಿನ ರಿಮ್ಮು ನಮ್ಮ ಇಪ್ಪತ್ತೊಂಬತ್ತಕ್ಕಿಂತ 13 ಮಿ.ಮೀ. ದೊಡ್ಡದು! ಟೈರು ಸಣಕಲಾದ್ದರಿಂದ ಹೊರಗಿನ ಅಳತೆ ಮಾತ್ರ ಚಿಕ್ಕದು. ಇದು ಸಾಲದೆಂಬಂತೆ, ಜರ್ಮನಿಯ ಕೆಲವು ಕಂಪನಿಗಳು 622ರ ಟೈರಿಗೂ 28 ಎಂದೇ ಅಚ್ಚು ಹಾಕುತ್ತವೆ. ಅದು ನಮ್ಮ ರಿಮ್ಮಿಗೆ ಸಲೀಸಾಗಿ ಕೂರುತ್ತದೆ. ಹೈಬ್ರಿಡ್ ಸೈಕಲ್ಲಿನ 700ಸಿ ಕೂಡ 622ರದ್ದೇ. ಇಂಚನ್ನು ಮರೆತು 622 ಇದೆಯೇ ಎಂದಷ್ಟೇ ನೋಡಿದರೆ ಅಂಗಡಿಯಲ್ಲಿ ಅರ್ಧ ಜಗಳ ತಪ್ಪುತ್ತದೆ.

ಇನ್ನು ಅಗಲ. 2.1, 2.25, 2.35, 2.4 ಇಂಚು ಸಾಮಾನ್ಯವಾಗಿ ಸಿಗುವವು. ರಿಮ್ಮಿನ ಒಳ ಅಗಲ 19ರಿಂದ 25 ಮಿ.ಮೀ. ಇದ್ದರೆ 2.1ರಿಂದ 2.25, ಅದಕ್ಕಿಂತ ಅಗಲವಿದ್ದರೆ 2.35 ಅಥವಾ 2.4 ಹಾಕಬಹುದು. ಕಿರಿದಾದ ರಿಮ್ಮಿಗೆ ದಪ್ಪ ಟೈರು ಹಾಕಿದರೆ ತಿರುವಿನಲ್ಲಿ ಅದು ಪಕ್ಕಕ್ಕೆ ವಾಲುತ್ತದೆ, ಸೊಂಟ ಬಿದ್ದ ಎತ್ತಿನ ಹಾಗೆ. ಕೊಳ್ಳುವ ಮುಂಚೆ ಈಗಿರುವ ಟೈರಿಗೂ ಹಿಂದಿನ ಫ್ರೇಮಿಗೂ ನಡುವೆ ಒಂದು ಪೆನ್ಸಿಲ್ ತೂರಿಸಿ ನೋಡಿ. ಅದು ಸಲೀಸಾಗಿ ಓಡಾಡದಿದ್ದರೆ ಇನ್ನೂ ದಪ್ಪದ ಟೈರಿನ ಆಸೆ ಬಿಡಿ.

ಎರಡು ಬಗೆಯ ಮುಳ್ಳು

ಮುಳ್ಳಿನಲ್ಲೂ ಜಾತಿಗಳಿವೆ. ನೆಗ್ಗಿಲು ನೆಲಕ್ಕೆ ಹಬ್ಬುವ ಬಳ್ಳಿ. ಹಳದಿ ಹೂವು ನೋಡಲು ಚೆಂದ. ಕಾಯಿ ಒಣಗಿದಾಗ ಒಡೆದು ಐದು ಚೂರಾಗುತ್ತದೆ, ಪ್ರತಿ ಚೂರಿಗೂ ಕೊಂಬಿನಂಥ ಮುಳ್ಳು. ಹೇಗೇ ಬಿದ್ದರೂ ಒಂದು ಕೊಂಬು ಆಕಾಶ ನೋಡುತ್ತಿರುತ್ತದೆ. ದಾರಿಯ ಅಂಚಿನಲ್ಲಿ ಸೈಕಲ್ ಮಲಗಿಸಿ ಚಹಾ ಕುಡಿಯಲು ಹೋದವರು ಅದನ್ನು ಟೈರಿಗೆ ಅಂಟಿಸಿಕೊಂಡೇ ಬರುತ್ತಾರೆ. ಇದರ ಮುಳ್ಳು ಗಿಡ್ಡ. ಟೈರಿನ ರಬ್ಬರಿನ ಕೆಳಗೆ ರಕ್ಷಣೆಯ ಪಟ್ಟಿ ಇದ್ದರೆ ಬಹುಪಾಲು ಅಲ್ಲೇ ನಿಲ್ಲುತ್ತದೆ.

ಬಳ್ಳಾರಿ ಜಾಲಿಯದು ಬೇರೆ ಕತೆ. ಬಲಿತ ಮುಳ್ಳು ಒಂದೆರಡು ಇಂಚು ಉದ್ದವಿರುತ್ತದೆ. ಹಲ್ಲುಗಳ ನಡುವೆ ಟೈರಿನ ದಪ್ಪವೋ ಎರಡು ಮೂರು ಮಿಲಿಮೀಟರು. ಇದನ್ನು ತಡೆಯುವ ಟೈರು ಯಾರೂ ಮಾಡಿಲ್ಲ, ಮಾಡಿದರೆ ಅದನ್ನು ತುಳಿಯಲಾಗದು. ಹಾಗಾಗಿ ಮುಳ್ಳು ಒಳಗೆ ಬಾರದಂತೆ ಮಾಡುವ ಯೋಚನೆ ಬಿಟ್ಟು, ಬಂದ ಮೇಲೂ ಗಾಳಿ ನಿಲ್ಲುವಂತೆ ಮಾಡುವುದೇ ಜಾಣತನ. ಅದಕ್ಕೆ ದಾರಿ ಸೀಲೆಂಟ್, ಅಂದರೆ ತೂತನ್ನು ಒಳಗಿನಿಂದಲೇ ಮುಚ್ಚುವ ದ್ರವ.

ನಿಮ್ಮ ರಿಮ್ಮು ಟ್ಯೂಬ್‌ಲೆಸ್‌ಗೆ ಒಪ್ಪುವಂಥದ್ದಾಗಿದ್ದರೆ ಎರಡನೆಯ ಯೋಚನೆ ಬೇಡ, ಟ್ಯೂಬು ಕಿತ್ತುಹಾಕಿ. 29 × 2.25 ಟೈರೊಂದಕ್ಕೆ ಸುಮಾರು 100 ಮಿ.ಲೀ. ಲೇಟೆಕ್ಸ್ ಸೀಲೆಂಟ್ ಸಾಕು. ಜಾಲಿ ಮುಳ್ಳು ಕಿತ್ತಾಗ ಬಿಳಿ ಹಾಲು ಚಿಮ್ಮಿ, ಚಕ್ರವನ್ನು ಎರಡು ಸುತ್ತು ತಿರುಗಿಸುವಷ್ಟರಲ್ಲಿ ನಿಂತುಹೋಗುವುದನ್ನು ಮೊದಲ ಸಲ ನೋಡಿದವರ ಮುಖ ನೋಡಬೇಕು. ಟೈರಿನ ಮೇಲೆ ಟ್ಯೂಬ್‌ಲೆಸ್ ರೆಡಿ ಅಥವಾ ಟಿಆರ್ ಎಂದು ಬರೆದಿರಬೇಕು, ಇಲ್ಲದಿದ್ದರೆ ಅದರ ಅಂಚು ರಿಮ್ಮಿಗೆ ಗಾಳಿ ಸೋರದಂತೆ ಬಿಗಿದು ಕೂರುವ ಭರವಸೆಯಿಲ್ಲ. ಕಡಿಮೆ ಬೆಲೆಯ ಸೈಕಲ್ಲುಗಳ ಸಾದಾ ರಿಮ್ಮಿಗೆ ಟೇಪು ಸುತ್ತಿ ಟ್ಯೂಬ್‌ಲೆಸ್ ಮಾಡಿಕೊಡುತ್ತೇವೆ ಎನ್ನುವವರಿದ್ದಾರೆ. ಬಂಡೆಯ ಅಂಚಿಗೆ ತಾಗಿದಾಗ ಪುಸ್ಸೆಂದು ಗಾಳಿ ಬಿಟ್ಟು ಟೈರು ಕಳಚಿಕೊಂಡೀತು. ಅಂಥ ಸೈಕಲ್ಲಿದ್ದವರಿಗೆ ದಪ್ಪ ಟ್ಯೂಬು, ಆ ಟ್ಯೂಬಿನೊಳಗೇ ಸೀಲೆಂಟ್. ತೂಕ ಹೆಚ್ಚುತ್ತದೆ, ನಿಜ. ಆದರೆ ಮಧ್ಯಾಹ್ನ ಹನ್ನೆರಡರ ಬಿಸಿಲಿನಲ್ಲಿ ಸಂಡೂರು ರಸ್ತೆಯ ಬದಿ ಕೂತು ಪ್ಯಾಚು ಹಚ್ಚುವುದಕ್ಕಿಂತ ಇದು ಹಗುರ.

ಪ್ಯಾಚು ಹಚ್ಚಲೇಬೇಕಾದಾಗ ಒಂದು ಮಾತು. ಟ್ಯೂಬಿನ ತೂತು ಸಿಕ್ಕ ಕೂಡಲೇ ಸೊಲ್ಯೂಷನ್ ಕೈಗೆತ್ತಿಕೊಳ್ಳಬೇಡಿ. ಹತ್ತಿಯ ಚೂರನ್ನು ಟೈರಿನ ಒಳಗೆ ಸುತ್ತಲೂ ಸವರಿ. ಮುರಿದು ಉಳಿದ ಮುಳ್ಳಿನ ತುದಿ ಹತ್ತಿಯನ್ನು ಹಿಡಿದು ನಿಲ್ಲಿಸುತ್ತದೆ. ಬೆರಳಿನಿಂದ ಸವರಿದರೂ ಗೊತ್ತಾಗುತ್ತದೆ, ಬೆರಳಿಗೂ ಗೊತ್ತಾಗುತ್ತದೆ.

ಊರಿಗೊಂದು ಮಣ್ಣು

ಹಂಪಿಯ ಕಲ್ಲು ಗ್ರಾನೈಟ್. ರಾಮನಗರದ ಹಳೆಯ ಹೆಸರು ಕ್ಲೋಸ್‌ಪೇಟೆಯಲ್ಲವೇ, ಅದರ ಹೆಸರಿನಲ್ಲೇ ಭೂವಿಜ್ಞಾನಿಗಳು ಕ್ಲೋಸ್‌ಪೇಟ್ ಗ್ರಾನೈಟ್ ಎಂದು ಕರೆಯುವ, ಸುಮಾರು 250 ಕೋಟಿ ವರ್ಷ ಹಳೆಯ ಶಿಲಾಪಟ್ಟಿ ಅಲ್ಲಿಂದ ನಮ್ಮ ತುಂಗಭದ್ರೆಯವರೆಗೂ ಚಾಚಿದೆ. ರಾಮನಗರದಲ್ಲಿ ತೆಗೆದ ಶೋಲೆ ಚಿತ್ರದ ಬಂಡೆಗಳಿಗೂ ನಮ್ಮ ಬಂಡೆಗಳಿಗೂ ನಂಟಿದೆಯೆಂದರೆ ಅದಕ್ಕೇ. ಹರಳು ದಪ್ಪನಾದ ಈ ಕಲ್ಲು ಉಜ್ಜುಕಾಗದದಷ್ಟು ಒರಟು. ಒಣಗಿದ್ದಾಗ ರಬ್ಬರು ಕಚ್ಚಿ ಹಿಡಿಯುತ್ತದೆ, ಜಾರುವ ಮಾತಿಲ್ಲ. ಇಲ್ಲಿ ಎತ್ತರದ ಹಲ್ಲುಗಳಿಂದ ಉಪಯೋಗವಿಲ್ಲ. ಅವು ಹಾಸುಬಂಡೆಯ ಮೇಲೆ ಬಾಗಿ ಕುಲುಕುತ್ತವೆ, ಬುಡದಲ್ಲಿ ಹರಿದುಕೊಳ್ಳುತ್ತವೆ. ಒತ್ತೊತ್ತಾದ ಗಿಡ್ಡ ಹಲ್ಲುಗಳ ಟೈರೇ ಇಲ್ಲಿ ಸರಿ. ತೀರಾ ಮೆತ್ತನೆಯ ರಬ್ಬರನ್ನು ಹಿಂದಿನ ಚಕ್ರಕ್ಕೆ ಹಾಕಿದರೆ ಕಲ್ಲು ಅದನ್ನು ಪೆನ್ಸಿಲಿನ ಹಿಂಬದಿಯ ರಬ್ಬರಿನ ಹಾಗೆ ತೇಯ್ದುಬಿಡುತ್ತದೆ. ಮಳೆಗಾಲದಲ್ಲಿ ಇದೇ ಬಂಡೆ ಪಾಚಿ ಕಟ್ಟಿ ಬೇರೆಯೇ ಆಗುತ್ತದೆ. ಆಗ ಯಾವ ಟೈರೂ ಕಾಯುವುದಿಲ್ಲ, ಇಳಿದು ನಡೆಯಿರಿ.

ಬಂಡೆ ಎಂದೆನಲ್ಲ, ಸ್ಮಾರಕಗಳ ಬಂಡೆ ಎನ್ನಲಿಲ್ಲ. 1986ರಿಂದ ವಿಶ್ವ ಪರಂಪರೆಯ ಪಟ್ಟಿಯಲ್ಲಿರುವ ಊರು ಇದು. ಹೇಮಕೂಟದ ಮೇಲೆ ಸೈಕಲ್ ಹತ್ತಿಸಿ ಫೋಟೊ ತೆಗೆಸಿಕೊಳ್ಳುವ ಚಪಲವಿದ್ದವರಿಗೆ ಈ ಲೇಖನದಿಂದ ಸಹಾಯವಿಲ್ಲ. ಹಂಪಿಯಲ್ಲಿ ಸೈಕಲ್ಲಿಗೆ ನಿಜವಾದ ಸುಖವಿರುವುದು ತುರ್ತು ಕಾಲುವೆಯ ಬದಿಯ ಬಾಳೆತೋಟದ ದಾರಿಗಳಲ್ಲಿ, ಬುಕ್ಕಸಾಗರದ ಸೇತುವೆ ದಾಟಿ ಆನೆಗೊಂದಿ, ಸಣಾಪುರದ ಕಡೆ ಹೋಗುವ ದಾರಿಗಳಲ್ಲಿ. ಅಲ್ಲಿ ಎದುರಾಗುವುದು ಗರಸು, ನದಿಯ ಹತ್ತಿರ ಮರಳು. ಮರಳಿನಲ್ಲಿ ಹಲ್ಲಿಗಿಂತ ಅಗಲ ಮುಖ್ಯ. ಮುಂದಿನ ಟೈರು 2.35 ಇದ್ದರೆ ತೇಲಿಕೊಂಡು ಹೋಗುತ್ತದೆ, 2.1 ಹೂತುಕೊಳ್ಳುತ್ತದೆ.

ಸಂಡೂರಿಗೆ ಹೊರಟರೆ ಲೆಕ್ಕ ಬದಲು. ಅಲ್ಲಿಯದು ಕಬ್ಬಿಣದ ಅದಿರಿನ ಗುಡ್ಡ. ಗ್ರಾನೈಟಿನ ಗುಂಡುಕಲ್ಲಲ್ಲ, ಪದರ ಪದರವಾಗಿ ಒಡೆದು ಕತ್ತಿಯ ಅಂಚು ತೋರಿಸುವ ಕಲ್ಲು. ಟೈರಿನ ಮುಖಕ್ಕೆ ಅಷ್ಟು ತೊಂದರೆಯಿಲ್ಲ, ಅಪಾಯ ಪಕ್ಕೆಗೆ. ಪಕ್ಕೆ ಅರ್ಧ ಇಂಚು ಸೀಳಿತೆಂದರೆ ಸೀಲೆಂಟೂ ಇಲ್ಲ, ಪ್ಯಾಚೂ ಇಲ್ಲ; ಒಳಗಿನಿಂದ ಹಳೆಯ ಟೈರಿನ ತುಂಡೋ ಮಡಚಿದ ಹತ್ತು ರೂಪಾಯಿ ನೋಟೋ ಕೊಟ್ಟು ಊರು ಸೇರಬೇಕು. ಆದ್ದರಿಂದ ಕುಮಾರಸ್ವಾಮಿ ಗುಡಿಯ ಕಡೆಯ ಏರು, ದೋಣಿಮಲೆಯ ಸುತ್ತಿನ ದಾರಿಗಳಿಗೆ ಪಕ್ಕೆ ಗಟ್ಟಿ ಮಾಡಿದ ಟೈರೇ ಬೇಕು. ಮ್ಯಾಕ್ಸಿಸ್‌ನವರು ಇದನ್ನು ಎಕ್ಸೊ ಎನ್ನುತ್ತಾರೆ, ಶ್ವಾಲ್ಬೆಯವರು ಸ್ನೇಕ್‌ಸ್ಕಿನ್ ಎನ್ನುತ್ತಿದ್ದರು.

ಸಂಡೂರಿನ ಇನ್ನೊಂದು ಸಮಸ್ಯೆ ಧೂಳು. ಅದಿರಿನ ಲಾರಿಗಳು ನುಣ್ಣಗೆ ಅರೆದ ಕುಂಕುಮದಂಥ ಧೂಳು ಗಟ್ಟಿ ನೆಲದ ಮೇಲೆ ಬೆರಳುದ್ದ ಕೂತಿರುತ್ತದೆ. ಕೇರಂ ಬೋರ್ಡಿನ ಮೇಲೆ ಪೌಡರ್ ಹಾಕಿದ ಹಾಗೆ. ನೇರ ಹೋಗುವಾಗ ಏನೂ ತಿಳಿಯದು, ಇಳಿಜಾರಿನ ತಿರುವಿನಲ್ಲಿ ಮುಂದಿನ ಚಕ್ರ ಕೇಳದೆ ಹೋಗುತ್ತದೆ. ಇಲ್ಲಿ ಕೆಲಸಕ್ಕೆ ಬರುವುದು ಟೈರಿನ ಅಂಚಿನ ಹಲ್ಲುಗಳು. ನಡುವಿನವು ಎಷ್ಟೇ ಗಿಡ್ಡ ಇರಲಿ, ಎರಡೂ ಅಂಚಿನ ಸಾಲು ಚೌಕಾಕಾರವಾಗಿ ಎದ್ದು ನಿಂತಿರಬೇಕು. ಟೈರನ್ನು ಕೈಯಲ್ಲಿ ಹಿಡಿದು ಅಂಚಿನ ಹಲ್ಲನ್ನು ಹೆಬ್ಬೆರಳಿನಿಂದ ಒತ್ತಿ ನೋಡಿ. ಸುಲಭವಾಗಿ ಮಲಗಿದರೆ ಆ ಟೈರು ಸಂಡೂರಿನಲ್ಲಿ ನಿಮ್ಮನ್ನೂ ಮಲಗಿಸುತ್ತದೆ. ಕಾಡಿನೊಳಗಿನ ದಾರಿ ಹಿಡಿಯುವ ಮುನ್ನ ಅರಣ್ಯ ಇಲಾಖೆಯವರನ್ನು ಕೇಳಿ ಹೋಗುವುದು ಒಳ್ಳೆಯದು. ದರೋಜಿ ಕರಡಿಧಾಮದ ಅಕ್ಕಪಕ್ಕದಲ್ಲಂತೂ ನಸುಕಿಗೆ, ಮುಸ್ಸಂಜೆಗೆ ಸೈಕಲ್ ಬೇಡವೇ ಬೇಡ. ಕರಡಿ ದಾರಿ ಬಿಡಲೆಂದು ಬೆಲ್ ಹೊಡೆದು ಪ್ರಯೋಜನವಿಲ್ಲ.

ಕಂಪ್ಲಿಯ ಬಗ್ಗೆ ಹೆಚ್ಚು ಹೇಳುವುದಿಲ್ಲ. ಭತ್ತ, ಕಬ್ಬು, ಕಾಲುವೆ, ಎರೆಮಣ್ಣು. ಡಿಸೆಂಬರಿನಿಂದ ಮೇವರೆಗೆ ಒಣಗಿದ ಬಂಡಿದಾರಿಗಳಲ್ಲಿ ಯಾವ ಟೈರಾದರೂ ಓಡುತ್ತದೆ. ಮಳೆ ಬಿದ್ದರೆ ಎರೆ ಚಪಾತಿ ಹಿಟ್ಟಿನ ಹಾಗೆ ಟೈರಿಗೆ ಸುತ್ತಿಕೊಂಡು, ಫ್ರೇಮಿಗೂ ಚಕ್ರಕ್ಕೂ ನಡುವೆ ತುಂಬಿ, ನೂರು ಗಜದೊಳಗೆ ಸೈಕಲ್ಲನ್ನು ಹೆಗಲಿಗೇರಿಸುತ್ತದೆ. ಕೆಸರಿಗೆಂದೇ ಮಾಡಿದ, ಎತ್ತರದ ಹಲ್ಲುಗಳನ್ನು ದೂರದೂರ ಕೂರಿಸಿದ ಕಿರಿದಾದ ಟೈರುಗಳಿವೆ. ಮಲೆನಾಡಿನವರು ಕೊಳ್ಳಲಿ. ವರ್ಷದಲ್ಲಿ ನಾಲ್ಕು ದಿನದ ಎರೆಗಾಗಿ ನಾವು ಕೊಳ್ಳುವುದು ದಂಡ. ಹೇಗೂ ತುಂಗಭದ್ರಾ ಜಲಾಶಯದಿಂದ ನೀರು ಹೆಚ್ಚಾಗಿ ಬಿಟ್ಟಾಗ ಗಂಗಾವತಿ ಕಡೆಗಿನ ಕಂಪ್ಲಿ ಸೇತುವೆಯೇ ಮುಳುಗುತ್ತದೆ, ದಾಟಿ ಹೋಗುವುದಾದರೂ ಎಲ್ಲಿಗೆ?

ನೂಲು, ತಂತಿ, ಕಂಪನಿ

ಟೈರೆಂದರೆ ಬರೀ ರಬ್ಬರಲ್ಲ, ನೈಲಾನ್ ನೂಲಿನ ಬಟ್ಟೆ. ಸವೆದಾಗ "ಕ್ಯಾನ್ವಾಸ್ ಕಾಣಸಾಕತ್ತೈತಿ" ಅನ್ನುತ್ತೇವಲ್ಲ, ಅದು. ಒಂದು ಇಂಚಿನಲ್ಲಿ ಎಷ್ಟು ಎಳೆ ಎಂಬುದನ್ನು ಟಿಪಿಐ ಎಂದು ಬರೆದಿರುತ್ತಾರೆ. 120 ಎಳೆಯದು ನುಣುಪು, ಹಗುರ, ಓಡಿಸಲು ರೇಷ್ಮೆ. 60 ಎಳೆಯದರಲ್ಲಿ ನೂಲು ದಪ್ಪ, ನಡುವೆ ರಬ್ಬರು ಜಾಸ್ತಿ, ತೂಕವೂ ಜಾಸ್ತಿ, ಮುಳ್ಳು ಕಲ್ಲಿಗೆ ತಡೆಯುವ ತಾಕತ್ತೂ ಜಾಸ್ತಿ. ರೇಸಿಗೆ ಹೋಗುವವರು ಮೊದಲನೆಯದನ್ನು ಕೊಳ್ಳಲಿ. ನಮ್ಮ ಸೀಮೆಗೆ 60.

ಅಂಚಿನಲ್ಲಿ ಉಕ್ಕಿನ ತಂತಿ ಇರುವ ಟೈರು ಮಡಚಲು ಬರುವುದಿಲ್ಲ, ಅಗ್ಗ. ಮಡಚಲು ಬರುವ ಟೈರಿನ ಅಂಚಿನಲ್ಲಿ ಕೆವ್ಲಾರ್ ಥರದ ನಾರು. ಟ್ಯೂಬು ಹಾಕುವವರಿಗೆ ತಂತಿಯದು ಧಾರಾಳ ಸಾಕು.

ಲೂಧಿಯಾನದ ರಾಲ್ಸನ್, ಮೆಟ್ರೊ, ಹೈದರಾಬಾದಿನ ಹಾರ್ಟೆಕ್ಸ್ ಇವು ನಮ್ಮ ದೇಶದ ಟೈರುಗಳು. ಹೊಸಪೇಟೆಯಿಂದ ಹಂಪಿಗೆ ಹೋಗಿ ಬರುವ ಭಾನುವಾರದ ಸವಾರಿಗೆ ಇವುಗಳಿಗೆ ಹೆಸರಿಡಬೇಕಿಲ್ಲ. ಹೆಚ್ಚು ಓಡಿಸುವವರು ಮುಂದಿನದಕ್ಕಾದರೂ ದುಡ್ಡು ಬಿಚ್ಚಿ. ತೈವಾನಿನ ಮ್ಯಾಕ್ಸಿಸ್‌ನ ಆರ್ಡೆಂಟ್‌ನಲ್ಲಿ ಅಂಚಿನ ಹಲ್ಲು ದೊಡ್ಡದು, ಗರಸು ಧೂಳಿಗೆ ಮುಂದಿನ ಚಕ್ರಕ್ಕೆ ಹೇಳಿ ಮಾಡಿಸಿದ್ದು. ಅದೇ ಕಂಪನಿಯ ಐಕಾನ್‌ನದು ಗಿಡ್ಡ, ಒತ್ತಾದ ಹಲ್ಲು. ಒಣ ಗಟ್ಟಿ ನೆಲದಲ್ಲಿ ಹಿಂದಿನ ಚಕ್ರಕ್ಕೆ. ಶ್ವಾಲ್ಬೆಯ ಸ್ಮಾರ್ಟ್ ಸ್ಯಾಮ್‌ನಲ್ಲಿ ನಡುವಿನ ಸಾಲು ಒಂದಕ್ಕೊಂದು ಹತ್ತಿರವಿರುವುದರಿಂದ ಡಾಂಬರಿನಲ್ಲೂ ಸದ್ದು ಮಾಡದೆ ಓಡುತ್ತದೆ. ದಿನಾ ತೋರಣಗಲ್ಲಿಗೆ ಕೆಲಸಕ್ಕೆ ಹೋಗಿ ಭಾನುವಾರ ಗುಡ್ಡ ಹತ್ತುವವರಿಗೆ ಇದು ಒಪ್ಪೀತು. 1999ರಲ್ಲಿ ಅಮೆರಿಕದ ಡಬ್ಲ್ಯುಟಿಬಿ ಕಂಪನಿಯ ನ್ಯಾನೊರಾಪ್ಟರ್ ಬಂದಾಗ 29 ಇಂಚಿಗೆ ಅಂಥ ಟೈರೇ ಅಪರೂಪವಾಗಿತ್ತು. ಇವತ್ತು ಆಯ್ಕೆ ಹೆಚ್ಚಾಗಿ ತಲೆ ಕೆಡುತ್ತದೆ.

ಎರಡೂ ಚಕ್ರಕ್ಕೆ ಒಂದೇ ಟೈರು ಹಾಕಬೇಕೆಂಬ ನೇಮವಿಲ್ಲ. ಸವಾರನ ಭಾರದ ಹೆಚ್ಚು ಪಾಲು ಹಿಂದಕ್ಕೆ, ಹಾಗಾಗಿ ಅದು ಬೇಗ ಸವೆಯುತ್ತದೆ. ದಾರಿ ಹಿಡಿಯುವುದು ಮುಂದಿನದು, ಅದು ಜಾರಿದರೆ ಹಲ್ಲು ಉದುರುವುದು ನಮ್ಮದು. ಹೊಸ ಟೈರು ತಂದಾಗ ಮುಂದಕ್ಕೆ ಹಾಕಿ, ಮುಂದಿನ ಹಳೆಯದನ್ನು ಹಿಂದಕ್ಕೆ ತಳ್ಳಿ. ಪಕ್ಕೆಯ ಮೇಲಿನ ಬಾಣದ ಗುರುತು ಚಕ್ರ ಉರುಳುವ ದಿಕ್ಕಿಗಿರಲಿ.

ಗಾಳಿಯ ಲೆಕ್ಕ

ಇಷ್ಟೆಲ್ಲ ಆರಿಸಿ, ಪಂಕ್ಚರ್ ಅಂಗಡಿಯ ಕಂಪ್ರೆಸರಿಗೆ ಒಡ್ಡಿ ಕಲ್ಲಿನ ಹಾಗೆ ಗಾಳಿ ಹೊಡೆಸಿದರೆ ಎಲ್ಲ ವ್ಯರ್ಥ. ಟೈರು ನೆಲಕ್ಕೆ ತಾಗುವ ಜಾಗ ಎಷ್ಟೆಂದು ಗುಣಿಸಿ ನೋಡಿ. ಹಿಂದಿನ ಚಕ್ರದ ಮೇಲೆ 50 ಕೆ.ಜಿ. ಭಾರ, 50 ಪಿಎಸ್‌ಐ ಗಾಳಿ ಎಂದರೆ ನೆಲಕ್ಕೆ ತಾಗುವುದು ಸುಮಾರು 14 ಚದರ ಸೆಂ.ಮೀ., ಒಂದು ಕಡ್ಡಿಪೆಟ್ಟಿಗೆಗಿಂತ ಕಡಿಮೆ. 30 ಪಿಎಸ್‌ಐಗೆ ಇಳಿಸಿದರೆ 24 ಚದರ ಸೆಂ.ಮೀ., ಕಡ್ಡಿಪೆಟ್ಟಿಗೆಗಿಂತ ಹೆಚ್ಚು. ಟೈರು ಬದಲಿಸದೆ, ಒಂದು ರೂಪಾಯಿ ಖರ್ಚಿಲ್ಲದೆ ಹಿಡಿತ ಅಷ್ಟು ಹೆಚ್ಚಿತು.

ಸುಮಾರು 70 ಕೆ.ಜಿ. ತೂಕದವರು 2.25 ಟೈರಿಗೆ ಟ್ಯೂಬಿದ್ದರೆ ಹಿಂದೆ 32, ಮುಂದೆ 28ರಿಂದ ಶುರುಮಾಡಿ. ಟ್ಯೂಬ್‌ಲೆಸ್ ಆದರೆ 26 ಮತ್ತು 22. ಹತ್ತು ಕೆ.ಜಿ. ಹೆಚ್ಚಿದ್ದರೆ ಎರಡೋ ಮೂರೋ ಸೇರಿಸಿ. ಟ್ಯೂಬು ಹಾಕಿದವರು ತೀರಾ ಇಳಿಸಿದರೆ ಬಂಡೆಯ ಅಂಚಿಗೂ ರಿಮ್ಮಿಗೂ ನಡುವೆ ಟ್ಯೂಬು ಸಿಕ್ಕಿ ಹಾವು ಕಚ್ಚಿದ ಹಾಗೆ ಅಕ್ಕಪಕ್ಕ ಎರಡು ತೂತಾಗುತ್ತವೆ. ಹಾಗೆ ಕಂಡರೆ ಬೈಯಬೇಕಾದ್ದು ಮುಳ್ಳಿಗಲ್ಲ, ಮೂರು ಪಿಎಸ್‌ಐ ಹೆಚ್ಚಿಸಿ. ಡಾಂಬರಿನಲ್ಲೇ ಹೋಗಿ ಬರುವ ದಿನ 40 ಇರಲಿ.

ನಮ್ಮ ಬಿಸಿಲನ್ನೂ ಲೆಕ್ಕಕ್ಕೆ ಹಿಡಿಯಬೇಕು. ನಸುಕಿನ 25 ಡಿಗ್ರಿಯಲ್ಲಿ 30 ಪಿಎಸ್‌ಐ ತುಂಬಿಸಿದ ಟೈರು ಕಾದ ಬಂಡೆಯ ಬದಿ 50 ಡಿಗ್ರಿಗೆ ಬಂದಾಗ 33 ದಾಟಿರುತ್ತದೆ. ಪಂಕ್ಚರ್ ಅಂಗಡಿಯ ಲಾರಿ ಗೇಜಿನಲ್ಲಿ ಈ ಸಣ್ಣ ಅಂಕಿಗಳು ಸರಿಯಾಗಿ ಕಾಣುವುದಿಲ್ಲ, ಸ್ವಂತದ್ದೊಂದು ಗೇಜು, ಒಂದು ಕೈಪಂಪು ಇಟ್ಟುಕೊಳ್ಳಿ. ನಿಮ್ಮದು ಸಣ್ಣ ಮೂತಿಯ ಪ್ರೆಸ್ಟಾ ವಾಲ್ವ್ ಆಗಿದ್ದರೆ ಹಿತ್ತಾಳೆಯ ಅಡಾಪ್ಟರು ಜೇಬಿನಲ್ಲಿರಲಿ. ಅದಿಲ್ಲದೆ ಸಂಡೂರು, ಕಂಪ್ಲಿಯ ಪಂಕ್ಚರ್ ಅಂಗಡಿಯವರು ಮನಸ್ಸಿದ್ದರೂ ಗಾಳಿ ಹಾಕಲಾರರು.

ಸೀಲೆಂಟಿನ ಬಾಟಲಿಯ ಮೇಲೆ ಆರು ತಿಂಗಳು ಎಂದೇನಾದರೂ ಬರೆದಿದ್ದರೆ ನಂಬಬೇಡಿ, ಅದು ತಂಪು ದೇಶದ ಲೆಕ್ಕ. ಯುಗಾದಿಗೆ ಹಾಕಿದ್ದು ಕಾರಹುಣ್ಣಿಮೆಯ ಹೊತ್ತಿಗೆ ಇಲ್ಲಿ ಒಣಗಿ ರಬ್ಬರಿನ ಉಂಡೆಯಾಗಿರುತ್ತದೆ. ಚಕ್ರ ಬಿಚ್ಚಿ ಕಿವಿಯ ಹತ್ತಿರ ಅಲ್ಲಾಡಿಸಿ ನೋಡಿ. ಗುಳುಗುಳು ಸದ್ದು ಕೇಳದಿದ್ದರೆ ಇವತ್ತೇ ಹಾಕಿಸಿ.